ಎಳೆದರೆ ಬಿಚ್ಚಿಕೊಳ್ಳುವ ಗಂಟು

ಅಜ್ಜಿ ಬೆಟ್ಟದಿಂದಿಳಿದು ಹೊರಮಾವಿನ ನಮ್ಮ ಮನೆಗೆ ಬಂದ ದಿನ ಬಟ್ಟೆಬರೆಯ ಗಂಟನ್ನೆಲ್ಲ ಅಪ್ಪನ ತಲೆಗೆ ಕಟ್ಟಿ, ತಾನು ಮಾತ್ರ ಒಂದು ದೊಡ್ಡ ಸೋರೆ ಬುರುಡೆಯನ್ನು ಎಳೆಗೂಸಿನ ಹಾಗೆ ಎದೆಗವಚಿಕೊಂಡು ಆಟೋದಿಂದ ಇಳಿದಳು. ಅವಳು ಬಂದದ್ದು ಕಣ್ಣಿನ ಆಪರೇಷನ್ನಿಗೆ. ಎರಡು ಕಣ್ಣಿಗೂ ಪೊರೆ ಬಂದು ಎದುರಿಗಿರುವವರ ಮುಖ ಬರೀ ಮಬ್ಬಾಗಿ ಕಾಣುತ್ತಿತ್ತಂತೆ. ಮೆಟ್ಟಿಲು ಕಾಣದೆ ಎಡವಿದಳು, ಅಪ್ಪ ರಟ್ಟೆ ಹಿಡಿದು ನಿಲ್ಲಿಸಿದರು, ಅಷ್ಟಾದರೂ ಬುರುಡೆಯ ಮೇಲಿನ ಕೈ ಸಡಿಲವಾಗಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ಅತ್ತೆಯನ್ನೂ ಬುರುಡೆಯನ್ನೂ ಒಂದು ಸಲ ನೋಡಿದಳು.

“ಏನತ್ತೆ ಅದು? ತಂಬೂರಿ ಮಾಡಿಸ್ಬೇಕಾ?”

“ನಿನ್ ತಲ. ಬಿತ್ತನ ರಾಗಿ ಕನವ್ವ. ಮೊದ್ಲು ಇದ ನೇತಾಕಕ್ಕ ಜಾಗ ತೋರ್ಸು, ಆಮೇಕ ನಂಗ ಕುಂತ್ಕೊಳಕ್ಕ ತೋರ್ಸುವಂತ.”

ನಮ್ಮ ಮನೆ ಆಗ ಊರೂ ಅಲ್ಲದ, ಲೇಔಟೂ ಅಲ್ಲದ ಕಡೆ ಇತ್ತು. ಸುತ್ತ ಖಾಲಿ ಸೈಟುಗಳು, ಒಂದೆರಡು ನೀಲಗಿರಿ ತೋಪು, ಅಲ್ಲೊಂದು ಇಲ್ಲೊಂದು ಅರ್ಧ ಎದ್ದ ಕಟ್ಟಡ. ಮುಂದೊಂದು ಹಾಲು, ಒಂದು ರೂಮು, ಅಡುಗೆಮನೆ, ಹಿಂದೆ ಹಿತ್ತಲು, ಹಿತ್ತಲಿಗಂಟಿಕೊಂಡು ಬಾಡಿಗೆಗೆ ಕೊಡುತ್ತಿದ್ದ ಶೀಟಿನ ಕೋಣೆ. ಹಾಲಿನ ಅರ್ಧವನ್ನು ಅಮ್ಮನ ಹೊಲಿಗೆ ಮಿಷಿನ್ನು ನುಂಗಿತ್ತು. ಅಮ್ಮ ಹಲಸೂರಿನಲ್ಲಿ ಹುಟ್ಟಿ ಬೆಳೆದವಳು; ಲಿಂಗರಾಜಪುರದಿಂದೆಲ್ಲ ಹೆಂಗಸರು ಹುಡುಕಿಕೊಂಡು ಬಂದು ತನ್ನ ಕೈಯಲ್ಲೇ ಬ್ಲೌಸು ಹೊಲಿಸುತ್ತಾರೆ ಎಂಬುದು ಅವಳ ಹೆಮ್ಮೆ. ಅಪ್ಪ ಕೆ.ಆರ್. ಪುರದ ಕಡೆ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಒಬ್ಬಳೇ ಮಗಳು ನಾನು, ಶೈಲಾ, ಎಂಟು ತುಂಬಿ ಒಂಬತ್ತರಲ್ಲಿದ್ದೆ. ಹಟಮಾರಿ ಅಂತ ಬೀದಿಗೆಲ್ಲ ಹೆಸರಾಗಿದ್ದೆ. ಆ ಹೆಸರು ಸುಮ್ಮನೆ ಬಂದದ್ದಲ್ಲ ಎಂದು ಈ ಅಧ್ಯಾಯ ಓದಿದವರಿಗೆ ಗೊತ್ತಾಗುತ್ತದೆ.

ಬುರುಡೆಯ ಕಥೆ ಹೇಳದೆ ಅಜ್ಜಿಯ ಕಥೆ ಹೇಳಲಾಗುವುದಿಲ್ಲ. ಅವಳ ಊರು ಹುಣಸೆದೊಡ್ಡಿ. ಕೊಳ್ಳೇಗಾಲ ದಾಟಿ, ಹನೂರು ದಾಟಿ, ಮಾದಪ್ಪನ ಬೆಟ್ಟದ ಸಾಲಿನಲ್ಲಿ ಬಸ್ಸು ಬಿಟ್ಟ ಕಡೆಯಿಂದ ಒಂದು ಗಂಟೆ ಕಾಲ್ದಾರಿ ಹತ್ತಿದರೆ ಸಿಗುವ ಹದಿನೈದು ಮನೆಯ ಊರು. ಅಲ್ಲಿ ಬೀಗದ ಕೈ ಯಾವ ಸೊಸೆಯ ಸೊಂಟದಲ್ಲಾದರೂ ಇರಬಹುದು, ಬಿತ್ತನೆ ಬೀಜ ಮಾತ್ರ ಮನೆಯ ಹಿರೀ ಹೆಂಗಸಿನ ಕೈಯಲ್ಲೇ ಇರಬೇಕು. ಸುಗ್ಗಿಯಲ್ಲಿ ಕಣದಿಂದ ಮೊದಲು ಎತ್ತಿದ ರಾಗಿಗೆ ಬೂದಿ, ಬೇವಿನ ಸೊಪ್ಪು ಬೆರೆಸಿ ಬುರುಡೆಗೆ ತುಂಬಿ, ಬಾಯಿಗೆ ಬಟ್ಟೆ ಹಾಕಿ ಕತ್ತಾಳೆ ನಾರಿನಿಂದ ಬಿಗಿದು, ಒಲೆಯ ಮೇಲೆ ಹೊಗೆ ತಾಗುವಂತೆ ನೇತುಹಾಕುತ್ತಾರೆ. ಮುಂದಿನ ಮಳೆಗಾಲದವರೆಗೆ ಅದನ್ನು ಯಾರೂ ಬಿಚ್ಚುವಂತಿಲ್ಲ, ಮನೆಯಲ್ಲಿ ಹಿಟ್ಟಿಲ್ಲದೆ ಮಕ್ಕಳು ಅತ್ತರೂ ಇಲ್ಲ. ಹಿಂದಿನ ವರ್ಷ ನನ್ನ ಚಿಕ್ಕಪ್ಪನ ಹೆಂಡತಿ ಮಾದಮ್ಮ ಮನೆ ಸಾರಿಸುವಾಗ ಬುರುಡೆ ಇಳಿಸಿ, ಒದ್ದೆ ಗೋಡೆಗೆ ಒರಗಿಸಿ ಮರೆತುಬಿಟ್ಟಳಂತೆ. ಅರ್ಧ ಬೀಜ ಮೊಳೆಯಲಿಲ್ಲ. ಅಜ್ಜಿ ಹದಿನೈದು ಮನೆಗೂ ಕೇಳುವ ಹಾಗೆ “ಬೀಜ ಕಾಯಕ್ಕ ಬರದ ಕೈ” ಎಂದು ಸೊಸೆಯನ್ನು ಅಂದುಬಿಟ್ಟಳು. ಅಂದ ಮೇಲೆ ಆ ಕೈಯಲ್ಲಿ ಬುರುಡೆ ಬಿಟ್ಟು ಬರಲು ಆಗುತ್ತದೆಯೇ? ಅದಕ್ಕೇ ಅದನ್ನು ಬೆಂಗಳೂರಿಗೆ ಹೊತ್ತು ತಂದಿದ್ದಳು.

ತಂದದ್ದೇನೋ ತಂದಳು, ನೇತುಹಾಕುವುದು ಎಲ್ಲಿ? ಅಡುಗೆಮನೆಯ ಗೋಡೆಯನ್ನೆಲ್ಲ ಕೈಯಿಂದ ಸವರಿ ನೋಡಿ ಸೋತಳು. ಗ್ಯಾಸ್ ಒಲೆ ಕಂಡು, “ಇದ್ಯಾವ ಸೀಮ ಒಲವ್ವ, ಹೊಗನೇ ಬರಾಕಿಲ್ಲ” ಅಂದಳು. ಕಡೆಗೆ ಹಿತ್ತಲಿನ ಶೀಟಿನ ಚಾಚಿನಡಿ ಮೂರು ಕಲ್ಲಿಟ್ಟು ಒಲೆ ಹೂಡಿಯೇಬಿಟ್ಟಳು. ಬುರುಡೆ ಆ ಒಲೆಯ ಮೇಲೆ ಶೀಟಿನ ಕಬ್ಬಿಣಕ್ಕೆ ತೂಗಿತು. ಆದರೆ ಬಲಗಣ್ಣಿಗೆ ಆಪರೇಷನ್ ಆದ ಕೂಡಲೇ ಡಾಕ್ಟರು ಹೊಗೆಯ ಹತ್ತಿರ ಸುಳಿಯಬಾರದೆಂದು ಕಟ್ಟಪ್ಪಣೆ ಮಾಡಿದರು. ಅಜ್ಜಿಗೆ ಕಣ್ಣಿನ ಚಿಂತೆ ಇರಲಿಲ್ಲ, ಬುರುಡೆಗೆ ಹೊಗೆ ತಪ್ಪುತ್ತದಲ್ಲ ಎಂಬ ಚಿಂತೆ. ಹಸಿರು ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕೂತು ಒದ್ದಾಡುತ್ತಿದ್ದವಳ ಪುಣ್ಯಕ್ಕೆ ಶೀಟಿನ ಕೋಣೆಗೆ ಶರಣಮ್ಮ ಬಾಡಿಗೆಗೆ ಬಂದಳು. ಯಾದಗಿರಿ ಕಡೆಯವಳು, ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು.

“ಅವ್ವಾ, ನಿಮ್ಮ ಒಲಿ ಮ್ಯಾಲ ನಾಕ್ ರೊಟ್ಟಿ ಬಡಕೋತೀನ್ರೀ. ನಮ್ಮ ಖೋಲಿಯೊಳಗ ಸ್ಟೋ ಅದ, ಅದರ ಮ್ಯಾಲ ರೊಟ್ಟಿ ಆಗಂಗಿಲ್ಲ.”

“ಬಡ್ಕೊ ನನ್ನವ್ವ, ಎಷ್ಟಾರ ಬಡ್ಕೊ. ವಸಿ ಹಸಿ ಸೌದ ಇಕ್ಕು, ಹೊಗ ಚೆಂದಾಗಿ ಬರ್ಲಿ.”

ಹೊಗೆ ಚೆಂದಾಗಿ ಬರಲಿ ಎಂದು ಒಲೆಗೆ ಹಸಿ ಸೌದೆ ಇಕ್ಕಿಸಿದ ಹೆಂಗಸನ್ನು ನಾನು ಇನ್ನೊಬ್ಬಳನ್ನು ಕಂಡಿಲ್ಲ. ಆ ಹೊಗೆ ಬುರುಡೆಗೆ ತಾಗಿ, ಅಲ್ಲಿಂದ ಕಿಟಕಿ ಹೊಕ್ಕು, ಹಾಲಿನಲ್ಲಿ ತೂಗಿದ ಗಿರಾಕಿಗಳ ಬ್ಲೌಸಿಗೂ ತಾಗುತ್ತಿತ್ತು. ಲಿಂಗರಾಜಪುರದ ಒಬ್ಬ ಹೆಂಗಸು ಮದುವೆಯ ರೇಷ್ಮೆ ಬ್ಲೌಸನ್ನು ಮೂಗಿಗೆ ಹಿಡಿದು, “ಏನ್ರೀ ಇದು, ಅಗ್ಗಿಷ್ಟಿಕೆ ಮುಂದೆ ಕೂತು ಹೊಲಿದ್ರಾ?” ಎಂದು ಕೇಳಿದ ದಿನ ಮನೆಯಲ್ಲಿ ರಣರಂಪವಾಯಿತು. ಅಮ್ಮ ಅತ್ತೆಗೆ ನೇರ ಹೇಳುವವಳಲ್ಲ. ಪಾತ್ರೆಗೆ ಹೇಳುತ್ತಿದ್ದಳು, ಮಿಷಿನ್ನಿಗೆ ಹೇಳುತ್ತಿದ್ದಳು, ಅಪ್ಪ ಬಂದರೆ ಅಪ್ಪನಿಗೆ ಹೇಳುತ್ತಿದ್ದಳು. ಅಪ್ಪ ತಾಯಿ ಕಡೆಗೂ ಇಲ್ಲ, ಹೆಂಡತಿ ಕಡೆಗೂ ಇಲ್ಲ, ಸೈಕಲ್ಲು ತೊಳೆಯುತ್ತಾ ಕೂತುಬಿಡುವರು. ನಮ್ಮ ಸೈಕಲ್ಲು ಆ ವರ್ಷ ಹೊಳೆದಷ್ಟು ಮತ್ತೆಂದೂ ಹೊಳೆಯಲಿಲ್ಲ. ಕೊನೆಗೆ ಅಮ್ಮನೇ ಕಿಟಕಿಗೆ ಹಳೇ ಬೆಡ್‌ಶೀಟು ಬಡಿದು ಸಮಸ್ಯೆ ಬಗೆಹರಿಸಿದಳು.

ಪಟ್ಟಿ ಬಿಚ್ಚಿದ ಮೇಲೆ ಅಜ್ಜಿ ಒಂದೇ ಕಣ್ಣಲ್ಲಿ ಇಡೀ ಹೊರಮಾವನ್ನು ಬೆಟ್ಟವನ್ನಾಗಿ ಮಾಡಿಕೊಂಡಳು. ಬೆಳಗಾಗೆದ್ದು ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಅದೇ ಬೆರಳಲ್ಲಿ ಬುರುಡೆಗೂ ಒಂದು ಗೆರೆ ಎಳೆದು, ನನ್ನ ಕೈ ಹಿಡಿದು ಖಾಲಿ ಸೈಟುಗಳಿಗೆ ಹೊರಡುತ್ತಿದ್ದಳು. ನಾನು ಕಳೆ ಅಂದುಕೊಂಡಿದ್ದರಲ್ಲಿ ಅರ್ಧಕ್ಕೆ ಅವಳು ಹೆಸರಿಟ್ಟು ಕರೆಯುತ್ತಿದ್ದಳು. ಅಣ್ಣೆ ಸೊಪ್ಪು, ಕನ್ನೆ ಸೊಪ್ಪು, ಹೊನಗನ್ನೆ. ಒಮ್ಮೆ ಒಬ್ಬ ವಾಚ್‌ಮನ್ “ಏಯ್, ಸೈಟೊಳಗೆ ಏನಮ್ಮ ಮಾಡ್ತಾ ಇದೀಯ?” ಎಂದು ಗದರಿದ. ಅಜ್ಜಿ ಬಗ್ಗಿದ್ದವಳು ಬಗ್ಗಿದ ಹಾಗೇ, “ನಿಂಗೂ ಒಂದ್ ಹಿಡಿ ಬೇಕಾ ಮಗಾ? ಬೇಳ ಜೊತ ಬೇಯ್ಸಿದ್ರ ಬಸ್ಸಾರು ಚೆಂದಾಗದ” ಅಂದಳು. ಮರುದಿನದಿಂದ ಅವನೇ ಕರೆದು ತೋರಿಸುತ್ತಿದ್ದ, ಅಜ್ಜಿ ಅಲ್ಲಿ ಇನ್ನೊಂದಷ್ಟು ಚಿಗುರಿದೆ ಅಂತ. ಅಮ್ಮ ಮೊದಲು ಮೂಗು ಮುರಿದಳು. ಆಮೇಲೆ ಆ ಬಸ್ಸಾರಿಗೆ ಎರಡೆರಡು ಮುದ್ದೆ ಉಂಡು, ಹೇಗೆ ಮಾಡಿದಿರಿ ಎಂದು ಪಾತ್ರೆಯನ್ನು ಕೇಳದೆ ಅತ್ತೆಯನ್ನೇ ಕೇಳಿದಳು.

ಮಧ್ಯಾಹ್ನ ಅಜ್ಜಿ ಹಿತ್ತಲ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಬೆಟ್ಟದ ಮಾತು ತೆಗೆಯುತ್ತಿದ್ದಳು. ಹಳ್ಳದಿಂದ ಎರಡು ಕೊಡ ನೀರು ಹೊತ್ತು ಏರು ಹತ್ತುವುದು, ಸೋಮವಾರ ಮಾದಪ್ಪನ ದಿನವೆಂದು ಎತ್ತಿಗೆ ನೊಗ ಹಾಕದಿರುವುದು, ರಾಗಿ ತೆನೆ ಕಟ್ಟಿದ ಮೇಲೆ ಆನೆ ಬಾರದ ಹಾಗೆ ಅಟ್ಟಣೆಯ ಮೇಲೆ ಕೂತು ತಮಟೆ ಬಡಿಯುತ್ತಾ ಹೊಲ ಕಾಯುವುದು. ತಾತ ಬೇಗ ತೀರಿಕೊಂಡರಂತೆ. ಇಬ್ಬರು ಗಂಡುಮಕ್ಕಳನ್ನು ಅಟ್ಟಣೆಯ ಮೇಲೆ ಮಲಗಿಸಿಕೊಂಡೇ ಬೆಳೆಸಿದಳು. ಹೇಳುವಾಗ ಅವಳ ದನಿಯಲ್ಲಿ ದುಃಖ ಇರುತ್ತಿರಲಿಲ್ಲ, ಒಂದು ಗತ್ತು ಇರುತ್ತಿತ್ತು. ಅಪ್ಪ ಸೈಕಲ್ಲು ತೊಳೆಯುತ್ತಾ ಆ ಕಡೆ ಕಿವಿಕೊಟ್ಟು ಕೇಳುವರು, ನಡುವೆ “ಅವ್ವ, ಆ ಒಂಟಿ ಸಲಗ ಬಂದದ್ದು ಹೇಳು” ಎನ್ನುವರು. ನನ್ನಪ್ಪ ಒಂದು ಕಾಲದಲ್ಲಿ ಮಗುವಾಗಿದ್ದರು ಎಂಬುದು ನನಗೆ ಗೊತ್ತಾದದ್ದು ಆ ಕಟ್ಟೆಯ ಮೇಲೆ.

ನಾನೂ ಸುಮ್ಮನೆ ಕೂರುವವಳಲ್ಲ, ನನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಅವಳಿಗೆ ಕಲಿಸಲು ಹೊರಟೆ. ಶಾಲೆಯಲ್ಲಿ ಷೂ ಲೇಸು ಕಟ್ಟುವುದು ಹೊಸದಾಗಿ ಬಂದಿತ್ತು. ಎರಡು ಕಿವಿ ಮಾಡಿ, ಒಂದರೊಳಗೊಂದು ತೂರಿಸಿ ಎಳೆಯುವ ಗಂಟು. ಅಜ್ಜಿ ಷೂವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು, ಒಂದು ತುದಿ ಹಿಡಿದೆಳೆದಳು, ಗಂಟು ಜಾರಿಹೋಯಿತು.

“ಥೂ, ಇದ್ಯಾವ ಗಂಟ್ಲ ಮಗಾ? ಮೊಲದ್ ಕಿವಿ ಇದ್ದಂಗದ. ಎಳದ್ರ ಬಿಚ್ಕಳ್ಳದು ಗಂಟಾ?”

“ಬೇಗ ಬಿಚ್ಚೋಕೇ ಅಜ್ಜಿ ಹಿಂಗೆ ಕಟ್ಟೋದು!”

“ಬಿಚ್ಚಕ್ಕೇಂತ ಕಟ್ಟೋದಾದ್ರ ಯಾಕ್ ಕಟ್ಬೇಕು? ನಂಗ ಇದು ಬರಾಕಿಲ್ಲ, ತಗಾ ಅತ್ತಾಗ.”

ರಾತ್ರಿಯಾದರೆ ಅವಳ ಮಂಚದಲ್ಲೇ ನನ್ನ ಹಾಸಿಗೆ. ಅಮ್ಮನಿಗೆ ಮಿಷಿನ್ನು, ಅಪ್ಪನಿಗೆ ಕಾರ್ಖಾನೆ. ನನ್ನ ಮಾತನ್ನು ಪೂರ್ತಿ, ಕಡೆಯವರೆಗೂ ಕೇಳುವ ಮನುಷ್ಯಳು ಆ ಮನೆಗೆ ಬಂದದ್ದು ಅದೇ ಮೊದಲು. ಅವಳು ಹೊರಟುಹೋಗುತ್ತಾಳೆ ಎಂದು ಯಾರಾದರೂ ಅಂದರೆ ಅವರ ಮೇಲೆ ಜಗಳಕ್ಕೆ ಬೀಳುತ್ತಿದ್ದೆ. ಬೇಸಿಗೆ ರಜ ಮುಗಿಯುತ್ತಾ ಬಂದಾಗ ಅವಳು ಹೊರಡುವ ಮಾತೆತ್ತಿದಳು. “ಆದ್ರ ಆರಿದ್ರ, ಇಲ್ದಿದ್ರ ದರಿದ್ರ” ಎಂದು ಗಾದೆ ಹೇಳಿ, ಆರಿದ್ರೆ ಮಳೆಗೆ ಮುಂಚೆ ಬೀಜ ಬೆಟ್ಟ ಸೇರಬೇಕು ಅಂದಳು. ಬಿತ್ತನೆ ಮುಗಿಸಿ ತಿಂಗಳಿಗೆಲ್ಲ ವಾಪಸ್ಸು ಬರುವುದು, ಎಡಗಣ್ಣಿನ ಆಪರೇಷನ್ ಮಾಡಿಸುವುದು, ಆಮೇಲೆ ಇಲ್ಲೇ ಇರುವುದು, ಹೀಗೆ ಅಪ್ಪನೊಂದಿಗೆ ಮಾತಾಗಿತ್ತು. ಆದರೆ ಅಮ್ಮ ಅಡುಗೆಮನೆಯಲ್ಲಿ ಅಪ್ಪನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

“ವಾಪಸ್ ಬರ್ತಾರೆ ಅನ್ಕೊಂಡಿದೀರಾ? ಬೆಟ್ಟ ಹತ್ತಿದ್ಮೇಲೆ ಅವ್ರು ಇಳಿಯಲ್ಲ ರೀ. ನೋಡ್ತಾ ಇರಿ.”

ನಾನು ಓಡಿ ಹೋಗಿ ಅಜ್ಜಿಯ ಸೆರಗು ಹಿಡಿದು, ಹೋಗಬೇಡ ಅಂತ ರಂಪ ಮಾಡಿದೆ. ಅವಳು ನಕ್ಕು ನನ್ನ ಮೂಗು ಒರೆಸಿದಳು.

“ಬೀಜ ಒಂದ್ ಇಲ್ದಿದ್ರ ನಂಗಲ್ಲಿ ಏನ್ ಕೆಲ್ಸ ಕೂಸೇ? ಬೀಜಕ್ಕೋಸ್ಕರ ಹೋಗದು ಅಷ್ಟೇಯ.”

ದೊಡ್ಡವರು ಸಮಾಧಾನಕ್ಕೆ ಆಡಿದ ಮಾತನ್ನು ಮಕ್ಕಳು ಲೆಕ್ಕದ ಹಾಗೆ ತೆಗೆದುಕೊಳ್ಳುತ್ತಾರೆ. ಬೀಜ ಇಲ್ಲದಿದ್ದರೆ ಹೋಗುವುದಿಲ್ಲ. ಅದಿಷ್ಟೇ ನನ್ನ ತಲೆಯಲ್ಲಿ ನಿಂತಿತು. ಬೀಜ ಎಂದರೆ ಏನು ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಮಾತ್ರ ನಾನು ಹೇಳಲಾರೆ. ಬಿತ್ತೋ ಕಾಳು ತಿಂದರೆ ಮನೀನೇ ತಿಂದಂಗ ಎಂದು ಶರಣಮ್ಮ ರೊಟ್ಟಿ ಬಡಿಯುತ್ತಾ ಅಂದದ್ದು, ಅಜ್ಜಿ ಹೌದು ಹೌದು ಎಂದು ತಲೆಯಾಡಿಸಿದ್ದು ಎರಡನ್ನೂ ನಾನು ಕೇಳಿದ್ದೆ.

ಅದೊಂದು ಶನಿವಾರ ಬೆಳಿಗ್ಗೆ ಅಪ್ಪ ಅಜ್ಜಿಯನ್ನು ಕನ್ನಡಕಕ್ಕೆಂದು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದರು. ಅಮ್ಮ ಒಂದು ಡಬ್ಬದಲ್ಲಿ ಅಂಗಡಿ ರಾಗಿ ಹಾಕಿ ಬಾಗಿಲಲ್ಲಿಟ್ಟು, ಮಿಷಿನ್ ತುಳಿಯುತ್ತಲೇ, “ಶೈಲೂ, ಮಿಲ್‌ಗೆ ಹೋಗಿ ಬೀಸಿಸ್ಕೊಂಡು ಬಾರೇ” ಅಂದಳು. ನಾನು ಹಿತ್ತಲಿಗೆ ಸ್ಟೂಲು ಎಳೆದೆ. ಬುರುಡೆ ಇಳಿಸಿದೆ. ಅಜ್ಜಿ ಹಾಕಿದ್ದ ಬೆಟ್ಟದ ಗಂಟು ನನ್ನ ಉಗುರಿಗೆ ಬಗ್ಗಲಿಲ್ಲ, ಹಾಗಾಗಿ ಅಮ್ಮನ ಕತ್ತರಿ ತಂದು ನಾರನ್ನೇ ಕತ್ತರಿಸಿದೆ. ಡಬ್ಬದಲ್ಲಿದ್ದ ಅಂಗಡಿ ರಾಗಿಯ ಮೇಲೇ ಬಿತ್ತನೆ ರಾಗಿ ಸುರಿಯುವಾಗ ಆದ ಸದ್ದು ಈಗಲೂ ಕಿವಿಯಲ್ಲಿದೆ, ಬೂದಿ ಮೂಗಿಗೆ ಹೊಡೆದು ಸೀನು ಬಂತು. ಖಾಲಿ ಬುರುಡೆಯ ಬಾಯಿಗೆ ಅದೇ ಬಟ್ಟೆ ಹೊದಿಸಿ, ಅಮ್ಮ ಲಂಗಕ್ಕೆಂದು ಹೊಲಿದಿಟ್ಟಿದ್ದ ಒಂದು ತುಂಡು ಕೆಂಪು ಲಾಡಿಯಿಂದ ಕಟ್ಟಿದೆ. ನನಗೆ ಬರುತ್ತಿದ್ದದ್ದು ಒಂದೇ ಗಂಟು. ಅದನ್ನೇ ಹಾಕಿದೆ. ಎಂಥ ಜಾಣೆ ನಾನು!

ಮಿಲ್ಲಿನ ಸಾಬರು ಡಬ್ಬದೊಳಗೆ ಕೈಯಾಡಿಸಿ ಹುಬ್ಬೇರಿಸಿದರು.

“ಏನ್ ಬೇಟಿ ಇದು, ಬೂದಿ, ಎಲೆ? ಅಮ್ಮಿ ನೋಡಿ ಕಳ್ಸಿದಾರಾ?”

“ಹುಳ ಬರಬಾರ್ದು ಅಂತ ಅಜ್ಜಿ ಹಾಕಿದ್ದು.”

ನಾನು ಹೇಳಿದ್ದು ನಿಜವೇ. ಸುಳ್ಳಿನ ಕೆಲಸ ನಿಜದಲ್ಲೇ ಸಾಧಿಸಬಹುದು ಎಂಬುದನ್ನು ನಾನು ಕಲಿತದ್ದು ಆ ಮಿಲ್ಲಿನ ಬಾಗಿಲಲ್ಲಿ. ಅವರು ಪಾಪ, ಜರಡಿ ಹಿಡಿದು ಆದಷ್ಟು ಶುದ್ಧ ಮಾಡಿ ಬೀಸಿಕೊಟ್ಟರು. ಬೆಚ್ಚಗಿನ ಡಬ್ಬವನ್ನು ಸೊಂಟಕ್ಕೇರಿಸಿಕೊಂಡು ಬರುವಾಗ ನನಗೆ ಭಯವೇನೂ ಇರಲಿಲ್ಲ. ಅಜ್ಜಿ ಇನ್ನು ಹೋಗುವುದಿಲ್ಲ ಎಂದು ಕುಣಿದುಕೊಂಡೇ ಬಂದೆ.

ಮರುದಿನ ಭಾನುವಾರ, ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದೆವು. ಹುರುಳಿಕಾಳಿನ ಸಾರು, ಮುದ್ದೆ. ಅಜ್ಜಿ ಹೊಸ ಕನ್ನಡಕ ಹಾಕಿಕೊಂಡು ತಟ್ಟೆಯೊಳಗಿನ ಒಂದೊಂದು ಕಾಳನ್ನೂ ನೋಡಿ ಖುಷಿಪಡುತ್ತಿದ್ದಳು. ಅಪ್ಪ ಮೊದಲ ತುತ್ತಿಗೇ ಮುಖ ಕಿವುಚಿದರು.

“ಏನೇ ಇದು, ಮುದ್ದೆ ಕಹಿ ಇದೆಯಲ್ಲ?”

“ಹೌದು ರೀ. ಮಿಲ್‌ನಲ್ಲಿ ಏನೋ ಬೆರೆಸ್ಬಿಟ್ಟಿದಾರೆ. ಇರಿ, ನಾಳೆ ಹೋಗಿ ಗ್ರಹಚಾರ ಬಿಡಿಸ್ತೀನಿ.”

ಅಜ್ಜಿ ತುತ್ತನ್ನು ಬಾಯಲ್ಲಿಟ್ಟುಕೊಂಡವಳು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಎದ್ದಳು. ಎಂಜಲು ಕೈಯಲ್ಲೇ ಹಿತ್ತಲ ಬಾಗಿಲಿಗೆ ಹೋಗಿ ನಿಂತು ಮೇಲೆ ನೋಡಿದಳು. ಕನ್ನಡಕ ಬಂದು ಒಂದೇ ದಿನವಾಗಿತ್ತು, ಆ ಕಣ್ಣಿಗೆ ಕೆಂಪು ಲಾಡಿ ಕಾಣಿಸಿರಬೇಕು, ಮೊಲದ ಕಿವಿಯೂ ಕಾಣಿಸಿರಬೇಕು. ನಾನು ತಟ್ಟೆಗೆ ಮುಖ ಹುದುಗಿಸಿ ಕೂತಿದ್ದೆ. ಅಜ್ಜಿ ತಿರುಗಿ ಬಂದು ಕೂತಳು.

“ಮಿಲ್ನೋರ ಬೈಬ್ಯಾಡ ಕನವ್ವ. ಬಿತ್ತನ ರಾಗಿ ಅದು. ನೆನ್ನ ಆಸ್ಪತ್ರಗ ಹೋಗಕ್ಕ ಮುಂಚ ನಾನೇ ಡಬ್ಬಕ್ಕ ಉಯ್ದುಬುಟ್ಟಿ. ಮುದ್ಕಿ ಕಣ್ಣು, ಯಾವ್ದು ಏನು ಅಂತ ಗೊತ್ತಾಗ್ನಿಲ್ಲ.”

ಅಮ್ಮ ಅಷ್ಟೆತ್ತರದಲ್ಲಿ ತೂಗುತ್ತಿದ್ದ ಬುರುಡೆಯನ್ನು ನೋಡಿದಳು, ಸ್ಟೂಲನ್ನು ನೋಡಿದಳು, ನನ್ನನ್ನೂ ನೋಡಿದಳು. ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಅಂದಳು:

“ಉಣ್ಣಿ ಎಲ್ಲಾರೂವ. ಬೀಜ ಉಂಡ ಮ್ಯಾಲ ತಟ್ಟೇಲಿ ಒಂದಗಳೂ ಬುಡಂಗಿಲ್ಲ.”

ನಾವು ಆ ಹಿಟ್ಟು ಮುಗಿಯುವವರೆಗೆ ಮೇಲಿಂದ ಮೇಲೆ ಆ ಕಹಿ ಮುದ್ದೆಯನ್ನೇ ಉಂಡೆವು. ಎಸೆಯಲು ಅವಳು ಬಿಡಲಿಲ್ಲ. ನನಗೆ ಎರಡು ಏಟು ಬಿದ್ದಿದ್ದರೆ ಚೆನ್ನಾಗಿರುತ್ತಿತ್ತು, ಅತ್ತು ಹಗುರಾಗುತ್ತಿದ್ದೆ. ಅವಳು ಬೈಯಲೂ ಇಲ್ಲ, ಕೇಳಲೂ ಇಲ್ಲ, ಎಂದಿನಂತೆ ನನ್ನನ್ನು ಪಕ್ಕದಲ್ಲೇ ಮಲಗಿಸಿಕೊಂಡಳು. ನಾಚಿಕೆ ಅಂದರೆ ಏನೆಂದು ನನಗೆ ಆ ಮಂಚದ ಮೇಲೆ ಗೊತ್ತಾಯಿತು. ಅಂಥ ನಾಚಿಕೆ ಮತ್ತೆ ಆಗಿಲ್ಲ. ನನ್ನ ಲೆಕ್ಕ ತಪ್ಪಿತ್ತು ಎನ್ನುವುದು ಬೇರೆ. ಬೀಜ ಇಲ್ಲದ ಮೇಲೆ ಅವಳು ಉಳಿಯುವುದಿರಲಿ, ಇನ್ನೂ ಬೇಗ ಹೊರಡಬೇಕು ಎಂದಳು. ಊರಲ್ಲಿ ಎಲ್ಲರೂ ಬಿತ್ತಿ ಮುಗಿಸುವ ಮೊದಲು ಕೇಳಬೇಕು. ಅಪ್ಪ ಪೇಟೆಯಲ್ಲಿ ಬಿತ್ತನೆ ರಾಗಿ ಕೊಂಡುಕೊಡುತ್ತೇನೆ ಅಂದದ್ದಕ್ಕೆ, “ಬೀಜ ಕೊಂಡ್ಕೊಳ್ಳೋದಲ್ಲ ಕನಪ್ಪಾ, ಕೇಳಿ ಇಸ್ಕೊಳ್ಳೋದು. ಉಂಡೋರು ಬಾಯ್ಬುಟ್ಟು ಕೇಳ್ಬೇಕು” ಎಂದು ಮುಗಿಸಿಬಿಟ್ಟಳು.

ವಾರದೊಳಗೆ ಅಪ್ಪ, ಅಜ್ಜಿ, ನಾನು ಬೆಟ್ಟಕ್ಕೆ ಹೊರಟೆವು. ಖಾಲಿ ಬುರುಡೆಯನ್ನು ಅಜ್ಜಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಬಸ್ಸಿಳಿದು ಕಾಲ್ದಾರಿ ಹತ್ತುವಾಗ ನನಗೆ ಏದುಸಿರು, ಅವಳಿಗೆ ಒಂದು ಹನಿ ಬೆವರಿಲ್ಲ. ಕಲ್ಲಿಗೂ ಮರಕ್ಕೂ ಕ್ಷೇಮಸಮಾಚಾರ ಕೇಳುವವಳಂತೆ ಮುಟ್ಟಿ ಮುಟ್ಟಿ ನಡೆದಳು. ಬೆಂಗಳೂರಿನಲ್ಲಿ ಗೋಡೆ ಸವರಿಕೊಂಡು ಓಡಾಡಿದ ಹೆಂಗಸು ಇವಳೇನಾ ಅನ್ನಿಸಿತು. ಊರು ಹತ್ತಿರವಾದಂತೆ ಮಾತ್ರ ಹೆಜ್ಜೆ ನಿಧಾನವಾಯಿತು. ಯಾರ ಮನೆಗೆ ಮೊದಲು ಹೋಗೋದವ್ವ ಎಂದು ಅಪ್ಪ ಕೇಳಿದರು.

“ಇನ್ಯಾರ್ ಮನ? ನಮ್ಮಟ್ಟಿಗೇಯ. ಮಾದಮ್ಮ ತವರಿಂದ ಒಂದ್ ಸಣ್ ಬುರುಡ ಬೀಜ ತಂದಿಕ್ಕಂಡವ್ಳ. ಅದೂ ನಮ್ ರಾಗಿ ತಳೀನೇಯ.”

ಆಗ ನನಗೆ ಹೊಳೆಯಿತು. ಇಡೀ ಊರಿಗೆ ಕೇಳುವ ಹಾಗೆ ಯಾರನ್ನು ಬೀಜ ಕಾಯಲು ಬಾರದವಳು ಅಂದಿದ್ದಳೋ, ಅವಳ ಮುಂದೆಯೇ ಹೋಗಿ ಈಗ ಬೀಜ ಕೇಳಬೇಕು. ನನ್ನಿಂದ.

ಹಂಚಿನ ಸಣ್ಣ ಮನೆ, ಮುಂದೆ ಸಾರಿಸಿದ ಜಗಲಿ. ಮಾದಮ್ಮ ಚಿಕ್ಕಮ್ಮ ಚೊಂಬಿನಲ್ಲಿ ಕಾಲಿಗೆ ನೀರು ಹಿಡಿದು ಹೊರಗೆ ಬಂದಳು. ತೆಳ್ಳಗಿನ ಹೆಂಗಸು, ಅತ್ತೆಯನ್ನು ಕಂಡು ಅರ್ಧ ಸಂತೋಷ, ಅರ್ಧ ಹೆದರಿಕೆ. ಅಜ್ಜಿ ನೀರು ಮುಟ್ಟಲಿಲ್ಲ. ಚಪ್ಪಲಿ ಅಂಗಳದಲ್ಲಿ ಬಿಟ್ಟು, ತಾನೇ ಸೊಸೆಯಾಗಿ ಹೊಕ್ಕಿದ್ದ ಮನೆಯ ಹೊಸ್ತಿಲಾಚೆ ನಿಂತು, ಎರಡು ಕೈಯಲ್ಲಿ ಸೆರಗು ಒಡ್ಡಿದಳು. ಪಕ್ಕದ ಮನೆಗಳ ಹೆಂಗಸರು ಬಾಗಿಲಿಗೆ ಬಂದು ನೋಡುತ್ತಿದ್ದರು.

“ಬೀಜ ಉಂಡ್ಬುಟ್ಟಿ ಕನವ್ವ ಮಾದಮ್ಮ. ಬೀಜ ಕೊಡು.”

“ಅಯ್ಯೋ ಅತ್ತಮ್ಮ, ಇದ್ಯಾನ್ ಮಾಡೀರಿ! ಒಳಕ್ ಬನ್ನಿ. ನೀವ್ ಉಣ್ಣೋರಾ? ಯಾರ್ ಉಂಡ್ರು ಹೇಳಿ.”

“ನಾನೇಯ.”

“ಉಂಡಿ ಅಂತ ಬೀಜ ಕೇಳ್ದೋರು ಬೆಳ ಕಣಕ್ಕ ಬರೋಗಂಟ ಹೊಲ ಬುಟ್ಟು ಹೋಗಂಗಿಲ್ಲ ಅತ್ತಮ್ಮ. ನಿಮ್ಗ ಇನ್ನೊಂದ್ ಕಣ್ಣು ಮಾಡ್ಸದಿಲ್ವಾ? ಹೆಂಗಾದ್ದು?”

ಈ ಕಟ್ಟಳೆ ನನಗೆ ಗೊತ್ತಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು, ಅಜ್ಜಿಗಂತೂ ಗೊತ್ತೇ ಇತ್ತು. ನಮ್ಮ ಹಾಲಿನಲ್ಲಿ ಕಹಿ ಮುದ್ದೆ ಮುಂದಿಟ್ಟುಕೊಂಡು ‘ನಾನೇ ಉಯ್ದುಬಿಟ್ಟೆ’ ಎಂದಾಗಲೇ ಗೊತ್ತಿತ್ತು. ಬಿತ್ತನೆಯಿಂದ ಕಣದವರೆಗೆ ಆರು ತಿಂಗಳು. “ಅಜ್ಜಿ ಅಲ್ಲ, ಅದು ನಾ...” ಎಂದು ನನ್ನ ಬಾಯಿಂದ ಹೊರಟಿತು. ಅಜ್ಜಿ ಸೆರಗಿನ ಒಂದು ತುದಿ ಬಿಟ್ಟು ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಮಾತು ಅವಳ ಸೀರೆಯೊಳಗೇ ಉಳಿಯಿತು.

“ಮಗ ಹಸ್ಕೊಂಡದ. ಬಿರ್ರನೆ ಬೀಜ ಕೊಡವ್ವ, ಒಳಕ್ ಬತ್ತೀವಿ.”

ಚಿಕ್ಕಮ್ಮ ಒಳಗೆ ಹೋಗಿ ಸಣ್ಣ ಬುರುಡೆ ತಂದಳು. ಸೆರಗಿಗೆ ರಾಗಿ ಸುರಿಯುವಾಗ ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಒಂದಿಷ್ಟು ಕಾಳು ಹೊಸ್ತಿಲ ಮೇಲೆ ಚೆಲ್ಲಿತು. ಅಜ್ಜಿ ಬಗ್ಗಿ ಒಂದೊಂದನ್ನೂ ಆಯ್ದುಕೊಂಡು, ಎಲ್ಲರಿಗೂ ಕೇಳುವ ಹಾಗೆ, “ಬೀಜ ಕಾದಿರ ಕೈ ಇದು, ನೋಡ್ಕಳ್ಳಿ” ಅಂದಳು. ಆಮೇಲೆ ಹೊಸ್ತಿಲು ದಾಟಿದಳು.

ಅಜ್ಜಿ ಅಲ್ಲೇ ಉಳಿದಳು. ಎರಡು ದಿನ ಕಳೆದು ನಾನೂ ಅಪ್ಪನೂ ಇಳಿದು ಬಂದೆವು. ಕೊಳ್ಳೇಗಾಲದಲ್ಲಿ ಅಪ್ಪ ನನಗೆ ಬಾಳೆಹಣ್ಣು ಕೊಡಿಸಿ ತಲೆ ಸವರಿದರು. ಆ ಮಳೆಗಾಲ ಅಜ್ಜಿ ಅಟ್ಟಣೆಯ ಮೇಲೆ ಕೂತು ಹೊಲ ಕಾದಳಂತೆ. ಚಳಿಗೆ ಸೊಂಟ ಹಿಡಿಯಿತಂತೆ. ಬೆಳೆ ಕಣಕ್ಕೆ ಬಂದ ಮೇಲೆ ಅಪ್ಪ ಕರೆಯಲು ಹೋದಾಗ, “ನೋಡಬೇಕಾದ್ದ ನೋಡಕ್ಕ ಒಂದ್ ಕಣ್ಣು ಸಾಕು ಕನಪ್ಪಾ” ಎಂದು ಸಾಗಹಾಕಿದಳು. ಎಡಗಣ್ಣು ಹಾಗೇ ಹೋಯಿತು. ಅಮ್ಮ ಹೇಳಿದ್ದೇ ಆಯಿತು, ಬೆಟ್ಟ ಹತ್ತಿದವಳು ಇಳಿಯಲಿಲ್ಲ. ಇಳಿಯದಂತೆ ಮಾಡಿದವಳು ನಾನು. ಪ್ರತಿ ಬೇಸಿಗೆಗೂ ನಾನೇ ಹತ್ತಿ ಹೋಗುತ್ತಿದ್ದೆ; ಹೊರಮಾವಿನ ಮಂಚದಲ್ಲಿ ಅವಳ ಜಾಗ ಮಾತ್ರ ಖಾಲಿಯಾಗಿಯೇ ಉಳಿಯಿತು.

ಆ ವರ್ಷದ ಸುಗ್ಗಿ ಮುಗಿದು ಒಂದು ಭಾನುವಾರ ಚಿಕ್ಕಪ್ಪ ನಮ್ಮ ಮನೆಗೆ ಬಂದರು. ಹೆಗಲ ಮೇಲೆ ಉಣ್ಣುವ ರಾಗಿಯ ಚೀಲ, ಅದನ್ನು ಅಮ್ಮನ ಮುಂದೆ ಇಳಿಸಿದರು. ಕಂಕುಳಲ್ಲಿ ಹೊಸದೊಂದು ಸಣ್ಣ ಬುರುಡೆ. ಅಮ್ಮ ಕೈ ಚಾಚಿದರೆ ಕೊಡಲಿಲ್ಲ.

“ಇದ ಕೂಸಿನ ಕೈಗೇ ಕೊಡು ಅಂದವ್ಳ ಅವ್ವ. ಬಿತ್ತನ ರಾಗಿ. ಬರೋ ಆರಿದ್ರಗ ಅದೇ ಹೊತ್ಕಂಡ್ ಬರ್ಲಿ ಅಂದ್ಳು.”

ಬುರುಡೆಯ ಬಾಯಿಗೆ ಬಿಳಿ ಬಟ್ಟೆ ಹೊದಿಸಿತ್ತು. ಬಟ್ಟೆಯ ಮೇಲೆ ಕತ್ತಾಳೆ ನಾರು ಇರಲಿಲ್ಲ, ಕೆಂಪು ಲಾಡಿ ಇತ್ತು, ನಾನು ಕಟ್ಟಿದ್ದ ಅದೇ ಲಾಡಿ. ಗಂಟು ಬೆಟ್ಟದ ಗಂಟಾಗಿರಲಿಲ್ಲ. ಒಂದು ಕಿವಿ ಉದ್ದ, ಒಂದು ಕಿವಿ ಮೋಟು. ಬಾರದ ಗಂಟನ್ನು ಒಂದೇ ಕಣ್ಣಿಟ್ಟುಕೊಂಡು, ಎಷ್ಟು ಸಲ ಬಿಚ್ಚಿ ಎಷ್ಟು ಸಲ ಕಟ್ಟಿದ್ದಳೋ. ನಾನು ಗೊಳೋ ಎಂದು ಅತ್ತು ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ, “ಗೊತ್ತು ಬಿಡೇ” ಎಂದು, ಹಿತ್ತಲಿಗೆ ತಾನೇ ಸ್ಟೂಲು ಹಾಕಿಕೊಟ್ಟಳು. ಶರಣಮ್ಮನ ಒಲೆಯ ಮೇಲೆ ನಾನೇ ಬುರುಡೆ ತೂಗುಹಾಕಿದೆ. ಸಂಜೆ ಅಮ್ಮ ಒಲೆಗೆ ಎರಡು ಹಸಿ ಸೌದೆ ಇಟ್ಟು ಬಂದಳು.

ಒಂದು ತುದಿ ಹಿಡಿದು ಎಳೆದರೆ ಸಾಕಿತ್ತು, ಬಿಚ್ಚಿಕೊಳ್ಳುತ್ತಿತ್ತು. ಆರಿದ್ರೆ ಮಳೆಯವರೆಗೂ ನಾನದನ್ನು ಮುಟ್ಟಲಿಲ್ಲ.